ನೆಲಮಾಳಿಗೆಯ ಚಳಿಯಲ್ಲಿ ಗ್ರೋ ಟೆಂಟ್: ಯಾವ ಹೀಟರ್, ಎಲ್ಲಿ, ಎಷ್ಟು?

ಎಕ್ಸಾಸ್ಟ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದೆ; ಅದೇ ಟೆಂಟಿನ ಮೂಲೆಯಲ್ಲಿ ಹೀಟರೂ ಪೂರ್ತಿ ಉರಿಯುತ್ತಿದೆ. ನೆಲಮಾಳಿಗೆಯ ಗ್ರೋ ಟೆಂಟಿನಲ್ಲಿ, ಅಂದರೆ ಒಳಗೆ ದೀಪ ತೂಗುಹಾಕಿದ ಬಟ್ಟೆಯ ಗೂಡಿನಲ್ಲಿ, ಗಿಡ ಬೆಳೆಸಲು ಹೊರಟವರ ಮೊದಲ ಚಳಿಗಾಲ ಬಹಳ ಸಲ ಹೀಗೇ ಕಳೆಯುತ್ತದೆ. ನನ್ನದೂ ಹಾಗೇ ಕಳೆಯಿತು. ಹೀಟರ್ ಕೊಟ್ಟ ಬಿಸಿಯನ್ನೆಲ್ಲ ಫ್ಯಾನು ಹೊರಗೆ ಸಾಗಿಸುತ್ತಿತ್ತು, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಥರ್ಮಾಮೀಟರ್ 16 ಡಿಗ್ರಿ ಬಿಟ್ಟು ಮೇಲೇಳಲಿಲ್ಲ. ಟೊಮೇಟೊ ಸಸಿಗಳ ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿತು.

ಅದಕ್ಕೇ ಈ ಹೋಲಿಕೆಯನ್ನು ಹೀಟರ್‌ಗಳಿಂದ ಶುರುಮಾಡುತ್ತಿಲ್ಲ. ಯಾವ ಹೀಟರ್ ಒಳ್ಳೆಯದು ಎಂಬುದಕ್ಕೆ ನನ್ನ ಹತ್ತಿರ ಖಚಿತವಾದ ಅಭಿಪ್ರಾಯವಿದೆ, ಹೇಳುತ್ತೇನೆ. ಮೊದಲು ತಿಳಿಯಬೇಕಾದದ್ದು ಎರಡು: ನಿಮ್ಮ ಗಿಡಕ್ಕೆ ನಿಜವಾಗಿ ಎಷ್ಟು ಬಿಸಿ ಬೇಕು, ಮತ್ತು ಈಗ ಟೆಂಟಿನೊಳಗಿರುವ ಬಿಸಿ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ. ಇವೆರಡು ಗೊತ್ತಾದರೆ ಸಾವಿರ ವ್ಯಾಟ್ ಬೇಕೆಂದುಕೊಂಡಿದ್ದ ಕಡೆ 150 ವ್ಯಾಟ್ ಸಾಕಾಗಬಹುದು.

ಎಲ್ಲ ಗಿಡಕ್ಕೂ ಬಿಸಿ ಬೇಡ

ಪಾಲಕ್, ಲೆಟ್ಯೂಸ್, ಕೊತ್ತಂಬರಿ, ಬಟಾಣಿ ಚಿಗುರು, ಎಲೆಕೋಸಿನ ಜಾತಿಯ ಸೊಪ್ಪುಗಳು 12ರಿಂದ 18 ಡಿಗ್ರಿಯಲ್ಲಿ ನೆಮ್ಮದಿಯಾಗಿ ಬೆಳೆಯುತ್ತವೆ. ಸ್ವಲ್ಪ ನಿಧಾನವಾಗಿ ಬೆಳೆಯುತ್ತವೆ, ಅಷ್ಟೆ. ಬೇಗ ಹೂಬಿಟ್ಟು ಕಹಿಯಾಗುವ ತೊಂದರೆಯೂ ಕಡಿಮೆ. ಲೆಟ್ಯೂಸ್ ಬೀಜವಂತೂ 27 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಮೊಳೆಯಲು ಹಿಂಜರಿಯುತ್ತದೆ. ನೆಲಮಾಳಿಗೆ ಚಳಿಗಾಲದಲ್ಲಿ 12 ಡಿಗ್ರಿಯ ಆಸುಪಾಸಿನಲ್ಲಿದ್ದು, ನೀವು ಬೆಳೆಯುವುದು ಸೊಪ್ಪು ಮಾತ್ರವಾದರೆ, ದೀಪದ ಬಿಸಿಯೇ ಸಾಕು. ಹೀಟರ್ ಕೊಳ್ಳಬೇಡಿ.

ಟೊಮೇಟೊ, ಮೆಣಸಿನಕಾಯಿ, ಬದನೆ, ತುಳಸಿ ಜಾತಿಯ ಬೇಸಿಲ್ ಮಾತು ಬೇರೆ. ಟೊಮೇಟೊ ಬೀಜ ಚೆನ್ನಾಗಿ ಮೊಳೆಯಲು ಮಣ್ಣು 21ರಿಂದ 27 ಡಿಗ್ರಿ ಇರಬೇಕು. ಮೆಣಸಿನಕಾಯಿಗೆ 25ರಿಂದ 30. ರಾತ್ರಿಯ ಉಷ್ಣಾಂಶ 13 ಡಿಗ್ರಿಗಿಂತ ಕೆಳಗಿಳಿಯುತ್ತಲೇ ಇದ್ದರೆ ಟೊಮೇಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಬೇಸಿಲ್ 10 ಡಿಗ್ರಿಯ ಹತ್ತಿರ ಬಂದರೆ ಎಲೆ ಕಪ್ಪಾಗುತ್ತದೆ. ಇವನ್ನು ಬೆಳೆಯುವವರು ದೀಪ ಉರಿಯುವಾಗ 22ರಿಂದ 25, ಕತ್ತಲಲ್ಲಿ 17ರಿಂದ 18 ಡಿಗ್ರಿಯ ಗುರಿ ಇಟ್ಟುಕೊಳ್ಳುವುದು ಒಳ್ಳೆಯದು. ಕತ್ತಲಲ್ಲೂ 24 ಡಿಗ್ರಿ ಇರಲೇಬೇಕೆಂದು ಹಟ ಹಿಡಿಯಬೇಕಾಗಿಲ್ಲ. ರಾತ್ರಿ ನಾಲ್ಕೈದು ಡಿಗ್ರಿ ತಣ್ಣಗಾಗುವುದು ಗಿಡಕ್ಕೆ ಸಹಜ.

ಬಿಸಿ ಹೋಗುವ ದಾರಿ

ಒಂದು ಲೆಕ್ಕ ಹಾಕೋಣ. ಟೆಂಟ್ 120 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 2 ಮೀಟರ್ ಎತ್ತರ. ನೆಲಮಾಳಿಗೆಯ ಗಾಳಿ 12 ಡಿಗ್ರಿ, ಟೆಂಟಿನೊಳಗೆ ಬೇಕಾದದ್ದು 22. ಅಂದರೆ ಅಂತರ 10 ಡಿಗ್ರಿ. ದೀಪ 200 ವ್ಯಾಟಿನ ಎಲ್‌ಇಡಿ.

ನಾಲ್ಕು ಬದಿ ಮತ್ತು ಮೇಲ್ಛಾವಣಿ ಸೇರಿ ಬಟ್ಟೆಯ ವಿಸ್ತೀರ್ಣ ಸುಮಾರು 11 ಚದರ ಮೀಟರ್. ತೆಳು ಬಟ್ಟೆ ಚಳಿಯನ್ನು ತಡೆಯುವುದು ಅಷ್ಟಕ್ಕಷ್ಟೆ. ಒಂದು ಡಿಗ್ರಿ ಅಂತರಕ್ಕೆ ಹೆಚ್ಚುಕಡಿಮೆ 40 ವ್ಯಾಟ್ ಅದರ ಮೂಲಕ ಸೋರುತ್ತದೆ. 10 ಡಿಗ್ರಿಗೆ 400 ವ್ಯಾಟ್. ಇನ್ನು ಫ್ಯಾನು. ಒಂದು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 0.33 ವ್ಯಾಟ್-ಗಂಟೆ ಬೇಕು. ಈ ಅಳತೆಯ ಟೆಂಟಿನ ಒಳಗಿನ ಗಾಳಿ 3 ಘನಮೀಟರ್‌ಗಿಂತ ಸ್ವಲ್ಪ ಕಡಿಮೆ. ನಿಮಿಷಕ್ಕೊಮ್ಮೆ ಟೆಂಟಿನ ಗಾಳಿಯೆಲ್ಲ ಬದಲಾಗಬೇಕು ಎಂಬ ಬೇಸಿಗೆಯ ಲೆಕ್ಕದಲ್ಲಿ ಕೊಂಡ ಫ್ಯಾನು ಗಂಟೆಗೆ 200 ಘನಮೀಟರ್ ಎಳೆಯುತ್ತಿದ್ದರೆ, 10 ಡಿಗ್ರಿಗೆ ಅದೊಂದೇ 660 ವ್ಯಾಟ್ ಹೊರಗೆ ಹಾಕುತ್ತದೆ. ಒಟ್ಟು 1060. ದೀಪ ಕೊಡುವುದು 200. ಕೊರತೆ 860 ವ್ಯಾಟ್.

ಈಗ ಫ್ಯಾನಿನ ವೇಗವನ್ನು ಗಂಟೆಗೆ 40 ಘನಮೀಟರ್‌ಗೆ ಇಳಿಸಿ. ಆಗಲೂ ಟೆಂಟಿನ ಗಾಳಿ ಗಂಟೆಗೆ ಹದಿನಾಲ್ಕು ಸಲ ಬದಲಾಗುತ್ತದೆ, ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡಿಗೆ ಅದು ಧಾರಾಳ. ಫ್ಯಾನಿನ ನಷ್ಟ 660ರಿಂದ 130ಕ್ಕೆ ಇಳಿಯಿತು, ಕೊರತೆ 330ಕ್ಕೆ. ಆಮೇಲೆ ಮೂರು ಬದಿಗೂ ಮೇಲಕ್ಕೂ 25 ಮಿಲಿಮೀಟರ್ ದಪ್ಪದ ಫೋಮ್ ಹಲಗೆ ನಿಲ್ಲಿಸಿ. ಬಟ್ಟೆಯ ಮೂಲಕ ಸೋರುವುದು 400ರಿಂದ ಸುಮಾರು 170ಕ್ಕೆ ಇಳಿಯುತ್ತದೆ. ಈಗ ಕೊರತೆ 100 ವ್ಯಾಟ್ ಮಾತ್ರ. ದೀಪ ಆರಿದ ಮೇಲೆ 17 ಡಿಗ್ರಿ ಕಾಯ್ದುಕೊಳ್ಳಲು ಬೇಕಾಗುವುದು 150.

ಇದು ಅಂದಾಜು ಲೆಕ್ಕ. ನೆಲದ ನಷ್ಟ ಇದರಲ್ಲಿ ಸೇರಿಲ್ಲ, ಗಿಡಗಳು ಬೆವರುವಾಗ ಹೀರಿಕೊಳ್ಳುವ ಶಾಖವೂ ಸೇರಿಲ್ಲ. ಆದರೂ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದು ಸ್ಪಷ್ಟ. ಹೀಟರ್ ಕೊಳ್ಳುವ ಮುಂಚೆ ಫ್ಯಾನಿಗೆ ಒಂದು ಸ್ಪೀಡ್ ಕಂಟ್ರೋಲರ್ ತನ್ನಿ. ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ನೋಡಿಕೊಂಡು ತಾನೇ ವೇಗ ಬದಲಿಸುವಂಥದ್ದು ಸಿಕ್ಕರೆ ಇನ್ನೂ ಉತ್ತಮ. ನೆಲಮಾಳಿಗೆಯ ಟೆಂಟಿಗೆ ಇದಕ್ಕಿಂತ ಉಪಯುಕ್ತವಾದ ಖರೀದಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಫ್ಯಾನಿನ ಪೈಪ್ ಎಲ್ಲಿಗೆ ಬಿಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಬೇಸಿಗೆಯಲ್ಲಿ ಕಿಟಕಿಯ ಹೊರಗೆ ಬಿಟ್ಟಿದ್ದ ಪೈಪನ್ನು ಚಳಿಗಾಲದಲ್ಲಿ ಅದೇ ಕೋಣೆಯೊಳಗೆ ಬಿಡಿ. ಬಿಸಿಗಾಳಿ ಕೋಣೆಯಲ್ಲೇ ಉಳಿದು, ಟೆಂಟ್ ಮತ್ತೆ ಎಳೆದುಕೊಳ್ಳುವ ಗಾಳಿ ಒಂದೆರಡು ಡಿಗ್ರಿಯಾದರೂ ಬೆಚ್ಚಗಿರುತ್ತದೆ. ಇದರಲ್ಲಿ ತೇವದ ಸಮಸ್ಯೆಯೊಂದಿದೆ. ಮುಂದೆ ಅದಕ್ಕೆ ಬರುತ್ತೇನೆ.

ಫೋಮ್ ಹಲಗೆ, ಬಬಲ್ ಶೀಟ್, ಕಂಬಳಿ

ಟೆಂಟಿಗೆ ಹೊದಿಸಲು ಜನ ಬಳಸುವುದು ಇವೇ ಮೂರು. ಗಟ್ಟಿ ಫೋಮ್ ಹಲಗೆ ಇವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಿಸಿ ಹಿಡಿಯುತ್ತದೆ, ತೇವ ಕುಡಿಯುವುದಿಲ್ಲ, ಬೇಸಿಗೆಯಲ್ಲಿ ತೆಗೆದಿಡಬಹುದು. ಬೆಳ್ಳಿ ಬಣ್ಣದ ಬಬಲ್ ಶೀಟ್ ಹಗುರ, ಕತ್ತರಿಸುವುದು ಸುಲಭ, ಆದರೆ ಬಟ್ಟೆಗೆ ಒತ್ತಿ ಅಂಟಿಸಿದರೆ ಅದರ ಹೊಳೆಯುವ ಮೈಯಿಂದ ಹೆಚ್ಚಿನ ಉಪಯೋಗವಿಲ್ಲ. ನಡುವೆ ಎರಡು ಸೆಂಟಿಮೀಟರ್ ಗಾಳಿಯ ಸಂದು ಇರಬೇಕು. ಕಂಬಳಿಯನ್ನು ನಾನು ಬೇಡ ಎನ್ನುತ್ತೇನೆ. ಟೆಂಟಿನ ತೇವವನ್ನು ಹೀರಿಕೊಂಡು ವಾರದೊಳಗೆ ಮುಗ್ಗಲು ವಾಸನೆ ಹೊಡೆಯುತ್ತದೆ.

ಫೋಮ್ ಹಲಗೆಗೆ ಬೆಂಕಿ ತಾಗಿದರೆ ಸುಲಭವಾಗಿ ಹತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ದೀಪದ ಡ್ರೈವರ್ (ಎಲ್‌ಇಡಿಗೆ ತಕ್ಕಂತೆ ವಿದ್ಯುತ್ ಹೊಂದಿಸಿ ಕೊಡುವ ಪೆಟ್ಟಿಗೆ), ಪ್ಲಗ್, ಹೀಟರ್ ಇವುಗಳ ಹತ್ತಿರ ಅದು ಇರಬಾರದು. ಗಾಳಿ ಬರುವ ಕಿಂಡಿಗಳನ್ನೂ ಮುಚ್ಚಬೇಡಿ. ಟೆಂಟನ್ನು ಕಾಂಕ್ರೀಟ್ ಗೋಡೆಗೆ ತಾಗಿಸದೆ ಒಂದು ಗೇಣು ಈಚೆಗೆ ನಿಲ್ಲಿಸಿ. ಆ ಸಂದಿನಲ್ಲಿ ಗಾಳಿ ಓಡಾಡದಿದ್ದರೆ ಗೋಡೆಯ ಮೇಲೆ ಬೂಷ್ಟು ಬರುತ್ತದೆ.

ದೀಪವೂ ಹೀಟರೇ

ದೀಪ ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಬೆಳಕಾಗಿ ಹೊರಟದ್ದೂ ಎಲೆಗೆ, ಬಟ್ಟೆಗೆ, ಮಣ್ಣಿಗೆ ಬಡಿದು ಬಿಸಿಯಾಗುತ್ತದೆ. ಗಿಡ ತನ್ನಲ್ಲಿ ಉಳಿಸಿಕೊಳ್ಳುವ ಪಾಲು ಬಹಳ ಸಣ್ಣದು. ಹಾಗಾಗಿ 200 ವ್ಯಾಟಿನ ಎಲ್‌ಇಡಿ ಮತ್ತು 200 ವ್ಯಾಟಿನ ಹೀಟರ್, ಟೆಂಟಿನ ಗಾಳಿಯ ಮಟ್ಟಿಗೆ ಒಂದೇ. ಚಳಿಗಾಲಕ್ಕೆಂದು ಹಳೆಯ ಸೋಡಿಯಂ ದೀಪಕ್ಕೆ ಮರಳಬೇಕೇ ಎಂದು ಹಲವರು ಕೇಳುತ್ತಾರೆ. 400 ವ್ಯಾಟಿನ ಸೋಡಿಯಂ ದೀಪ ಹೆಚ್ಚು ಬಿಸಿ ಕೊಡುವುದು ನಿಜ. ಅದು ಇನ್‌ಫ್ರಾರೆಡ್ ಕಿರಣಗಳಿಂದ ಎಲೆಯನ್ನೇ ನೇರವಾಗಿ ಕಾಯಿಸುತ್ತದೆ ಎಂಬುದೂ ನಿಜ. ಎಲ್‌ಇಡಿಯ ಕೆಳಗಿನ ಎಲೆ ಸಾಮಾನ್ಯವಾಗಿ ಸುತ್ತಲ ಗಾಳಿಗಿಂತ ತುಸು ತಣ್ಣಗಿರುತ್ತದೆ, ಅದಕ್ಕೇ ಎಲ್‌ಇಡಿ ಬಳಸುವವರು ಗಾಳಿಯನ್ನು ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗಿಡುತ್ತಾರೆ. ಆದರೂ ನಾನು ಎಲ್‌ಇಡಿಯನ್ನೇ ಉಳಿಸಿಕೊಳ್ಳುವ ಪಕ್ಷ. ಸೋಡಿಯಂ ದೀಪದ ಬಿಸಿ ಬೇಡವೆಂದರೂ ಬರುತ್ತದೆ, ನಿಜಕ್ಕೂ ಬೇಕಾದ ಕತ್ತಲಿನ ಹೊತ್ತಿನಲ್ಲಿ ಇರುವುದಿಲ್ಲ. ಪ್ರತ್ಯೇಕ ಹೀಟರ್ ಇದ್ದರೆ ಬೇಕಾದಾಗ ಬೇಕಾದಷ್ಟೇ.

ಖರ್ಚಿಲ್ಲದ ಎರಡು ಉಪಾಯಗಳಿವೆ. ನಿಮ್ಮ ನೆಲಮಾಳಿಗೆ ರಾತ್ರಿ ಹೆಚ್ಚು ತಣ್ಣಗಾಗುವುದಾದರೆ ದೀಪವನ್ನು ರಾತ್ರಿ ಉರಿಸಿ, ಗಿಡಕ್ಕೆ ಹಗಲಲ್ಲಿ ಕತ್ತಲು ಕೊಡಿ. ಗಿಡಕ್ಕೆ ಗಡಿಯಾರದ ಹಂಗಿಲ್ಲ. ಪೂರ್ತಿ ಮಣ್ಣಿನೊಳಗಿರುವ ನೆಲಮಾಳಿಗೆಯಲ್ಲಿ ಹಗಲು ರಾತ್ರಿಯ ಅಂತರ ಕಡಿಮೆ, ಅಲ್ಲಿ ಇದರ ಲಾಭವೂ ಕಡಿಮೆ; ಕಿಟಕಿ, ಬಾಗಿಲು ಇರುವ ಕಡೆ ಚೆನ್ನಾಗಿ ಗೊತ್ತಾಗುತ್ತದೆ. ಎರಡನೆಯದು, ಎಲ್‌ಇಡಿ ಡ್ರೈವರನ್ನು ಬೇಸಿಗೆಯಲ್ಲಿ ಟೆಂಟಿನ ಹೊರಗೆ ಇಟ್ಟಿದ್ದರೆ ಈಗ ಒಳಗೆ ತನ್ನಿ. 200 ವ್ಯಾಟಿನ ದೀಪದ ಡ್ರೈವರಿನಿಂದ 10ರಿಂದ 20 ವ್ಯಾಟ್ ಬಿಸಿ ಸಿಗುತ್ತದೆ. ತೇವ ತಡೆಯುವ ಡ್ರೈವರ್ ಆಗಿದ್ದರೆ ಮಾತ್ರ ಹೀಗೆ ಮಾಡಿ.

ಹೀಟರ್‌ಗಳ ಹೋಲಿಕೆ

ವಿದ್ಯುತ್ ಹೀಟರ್ ಯಾವುದೇ ಆಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವ ಶಾಖ ಒಂದೇ. ಸೆರಾಮಿಕ್ ಇರಲಿ, ಎಣ್ಣೆಯದಿರಲಿ, "ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬಿಸಿ" ಎಂಬ ಮಾತನ್ನು ನಂಬಬೇಡಿ. ಈ ಮಾತಿಗೆ ಹೊರತಾದದ್ದು ಹೀಟ್ ಪಂಪ್, ಅಂದರೆ ಬಿಸಿ ಕೊಡಬಲ್ಲ ಸ್ಪ್ಲಿಟ್ ಎಸಿ, ಒಂದೇ. ಉಳಿದವುಗಳಲ್ಲಿ ವ್ಯತ್ಯಾಸವಿರುವುದು ಮೂರು ವಿಷಯದಲ್ಲಿ: ಬೆಂಕಿಯ ಅಪಾಯ, ಬಿಸಿ ಹರಡುವ ರೀತಿ, ಥರ್ಮೋಸ್ಟಾಟ್ (ಉಷ್ಣಾಂಶ ನೋಡಿಕೊಂಡು ಹೀಟರನ್ನು ಆನ್, ಆಫ್ ಮಾಡುವ ಸ್ವಿಚ್) ಹೇಳಿದಂತೆ ಕೇಳುವ ಗುಣ.

ಕೋಣೆಗೆಂದು ತಯಾರಾದ ಹೀಟರನ್ನು ಬಟ್ಟೆ, ಪರದೆ, ಕಾಗದದಿಂದ ಸುಮಾರು ಒಂದು ಮೀಟರ್ ದೂರದಲ್ಲಿಡಬೇಕು ಎಂಬುದು ಎಲ್ಲೆಡೆ ಹೇಳುವ ಸುರಕ್ಷತೆಯ ನಿಯಮ. ಟೆಂಟಿನ ಅಗಲವೇ 120 ಸೆಂಟಿಮೀಟರ್. ನಟ್ಟನಡುವೆ ಇಟ್ಟರೂ ಬಟ್ಟೆ 60 ಸೆಂಟಿಮೀಟರ್‌ಗಿಂತ ಹತ್ತಿರ. ಟೆಂಟಿನ ಬಟ್ಟೆ ಪಾಲಿಯೆಸ್ಟರ್, ಒಳಗಿನ ಹೊಳಪು ಪದರವೂ ಪ್ಲಾಸ್ಟಿಕ್. ಮೇಲಿಂದ ನೀರು ತೊಟ್ಟಿಕ್ಕಬಹುದು, ಎಲೆ ಬೀಳಬಹುದು, ಕುಂಡ ಉರುಳಬಹುದು. ಆದ್ದರಿಂದ ಫ್ಯಾನ್ ಹೀಟರ್, ಆಯಿಲ್ ಹೀಟರ್ ಎರಡನ್ನೂ ಟೆಂಟಿನ ಒಳಗಿಡುವುದನ್ನು ನಾನು ಒಪ್ಪುವುದಿಲ್ಲ. ಅವುಗಳ ಜಾಗ ಟೆಂಟಿನ ಹೊರಗೆ.

ಒಳಗಿಡಲು ತಕ್ಕದ್ದು ಟ್ಯೂಬ್ ಹೀಟರ್. ಗಾಜಿನಮನೆಗಳಿಗಾಗಿ ತಯಾರಾದ, ಉದ್ದ ಕೊಳವೆಯಂತಿರುವ ಈ ಹೀಟರ್‌ಗಳು 50 ವ್ಯಾಟಿನ ಆಸುಪಾಸಿನಿಂದ 200ರ ಆಸುಪಾಸಿನವರೆಗೆ ಸಿಗುತ್ತವೆ. ನಮ್ಮ ಲೆಕ್ಕದ 150 ವ್ಯಾಟಿಗೆ ಹೇಳಿ ಮಾಡಿಸಿದ ಹಾಗಿವೆ. ಶಾಖ ಉದ್ದಕ್ಕೂ ಹರಡಿರುವುದರಿಂದ ಒಂದೇ ಬಿಂದುವಿನಲ್ಲಿ ಸುಡುವಷ್ಟು ಕೆಂಪಾಗುವುದಿಲ್ಲ, ಫ್ಯಾನಿಲ್ಲ, ಸದ್ದಿಲ್ಲ, ಬೆಳಕಿಲ್ಲ. ಹಾಗೆಂದು ಮುಟ್ಟುವಷ್ಟು ತಣ್ಣಗೂ ಇರುವುದಿಲ್ಲ. ಮೇಲೆ ಜಾಲರಿ ಕವಚ ಹಾಕಿ, ತಯಾರಕರು ಹೇಳಿದಷ್ಟು ಅಂತರ ಬಿಟ್ಟು, ನೆಲದಿಂದ ತುಸು ಮೇಲೆ ಟೆಂಟಿನ ಕಂಬಕ್ಕೆ ಅಡ್ಡವಾಗಿ ಬಿಗಿಯಿರಿ. ತೇವದ ಜಾಗಕ್ಕೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಇದರ ಕೊರತೆ ಒಂದೇ: ಹೆಚ್ಚು ಬಿಸಿ ಬೇಕಾದಾಗ ಇದರ ಕೈಯಲ್ಲಿ ಆಗುವುದಿಲ್ಲ. ನೆಲಮಾಳಿಗೆ 5 ಡಿಗ್ರಿಗೆ ಇಳಿಯುವುದಾದರೆ ಒಂದು ಟ್ಯೂಬ್ ಸಾಲದು.

ಆಯಿಲ್ ಹೀಟರ್ ಕೋಣೆಯನ್ನು ಕಾಯಿಸುವುದಕ್ಕೆ ನನ್ನ ಮೊದಲ ಆಯ್ಕೆ. ಎಣ್ಣೆ ನಿಧಾನವಾಗಿ ಕಾಯುತ್ತದೆ, ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಬಿಡುತ್ತದೆ, ಉರಿಯುವ ತಂತಿ ಹೊರಗೆ ಕಾಣುವುದಿಲ್ಲ. ಈ ನಿಧಾನವೇ ಒಂದು ದೋಷವೂ ಹೌದು: ಥರ್ಮೋಸ್ಟಾಟ್ ಆಫ್ ಮಾಡಿದ ಮೇಲೂ ಉಷ್ಣಾಂಶ ಏರುತ್ತಲೇ ಇರುತ್ತದೆ. ಕೋಣೆ ದೊಡ್ಡದಾದಷ್ಟೂ ಈ ಏರಿಳಿತ ಗೊತ್ತಾಗುವುದಿಲ್ಲ. ಟೆಂಟ್ ಗಾಳಿ ಎಳೆದುಕೊಳ್ಳುವ ಕಿಂಡಿಯ ಕಡೆ, ಒಂದು ಮೀಟರಿಗಿಂತ ದೂರದಲ್ಲಿ ನಿಲ್ಲಿಸಿದರೆ ಬೆಚ್ಚಗಿನ ಗಾಳಿಯೇ ಒಳಹೋಗುತ್ತದೆ.

ಫ್ಯಾನ್ ಹೀಟರ್ ಇದಕ್ಕೆ ಪೂರ್ತಿ ವಿರುದ್ಧ. ಒಂದೆರಡು ನಿಮಿಷದಲ್ಲಿ ಬಿಸಿ, ಆಫ್ ಮಾಡಿದ ಕ್ಷಣ ತಣ್ಣಗೆ. ಸೆರಾಮಿಕ್ ಜಾತಿಯಲ್ಲಿ ಬಿಸಿ ಏರಿದಂತೆ ತಾನೇ ವಿದ್ಯುತ್ ತಗ್ಗಿಸಿಕೊಳ್ಳುವ ಗುಣವಿದೆ, ಅದು ಒಳ್ಳೆಯದೇ. ಆದರೆ ನೆಲಮಾಳಿಗೆಯ ಧೂಳು, ಮಣ್ಣಿನ ಪುಡಿ, ಮಣ್ಣಿಗೆ ಬೆರೆಸುವ ಪರ್ಲೈಟ್ ಎಂಬ ಹಗುರ ಬಿಳಿ ಕಲ್ಲಿನ ಚೂರುಗಳನ್ನೆಲ್ಲ ಎಳೆದುಕೊಂಡು ಅದರ ಜಾಲರಿ ಕಟ್ಟಿಕೊಳ್ಳುತ್ತದೆ. ತಿಂಗಳುಗಟ್ಟಲೆ, ಯಾರೂ ನೋಡದ ಹೊತ್ತಿನಲ್ಲಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಯುವ ಕೆಲಸಕ್ಕೆ ನಾನು ಇದನ್ನು ಆರಿಸುವುದಿಲ್ಲ. ನೀವು ಎದುರಿಗಿರುವಾಗ ಅರ್ಧ ಗಂಟೆ ಬಿಸಿಮಾಡಿಕೊಳ್ಳಲು ಸರಿ.

ಕೆಂಪಗೆ ಕಾಯುವ ಹ್ಯಾಲೋಜನ್ ಮತ್ತು ರಾಡ್ ಹೀಟರ್, ಸರೀಸೃಪ ಸಾಕುವವರು ಬಳಸುವ ಸೆರಾಮಿಕ್ ಬಲ್ಬು, ಇವು ಟೆಂಟಿನ ಹತ್ತಿರಕ್ಕೂ ಬೇಡ. ಮೈ ಅತಿಯಾಗಿ ಕಾಯುತ್ತದೆ. ಹ್ಯಾಲೋಜನ್ನಿನ ಬೆಳಕು ಗಿಡದ ಕತ್ತಲನ್ನೂ ಕೆಡಿಸುತ್ತದೆ.

ಗ್ಯಾಸ್, ಸೀಮೆಎಣ್ಣೆ ಹೀಟರ್, ಮೇಣದಬತ್ತಿ, ಒಟ್ಟಾರೆ ಜ್ವಾಲೆ ಇರುವ ಯಾವುದನ್ನೂ ನೆಲಮಾಳಿಗೆಗೆ ತರಬೇಡಿ. ಇದನ್ನು ನಾನು ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ. ಗಾಳಿಯಾಡದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೇಲಿನ ಮಹಡಿಯಲ್ಲಿ ಮಲಗಿದವರಿಗೂ ಅದು ತಲುಪುತ್ತದೆ. ಪ್ರೊಪೇನ್, ಬ್ಯೂಟೇನ್ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ನೆಲಮಾಳಿಗೆಯಲ್ಲೇ ಕೂತುಬಿಡುತ್ತವೆ. ಗಿಡದ ದೃಷ್ಟಿಯಿಂದಲೂ ಇದು ಕೆಟ್ಟದ್ದು: ಸರಿಯಾಗಿ ಉರಿಯದ ಜ್ವಾಲೆಯಿಂದ ಎಥಿಲೀನ್ ಹೊರಟು ಹೂ ಮೊಗ್ಗು ಉದುರುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿಯೂ ಕೋಣೆಗೆ ಸೇರುತ್ತದೆ.

ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ತಿಗೆ ಎರಡರಿಂದ ಮೂರು ಯೂನಿಟ್ ಶಾಖ ಕೊಡುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಈ ಅನುಕೂಲ ಇಳಿಯುತ್ತದೆ. ಒಂದೇ ಟೆಂಟಿಗೆ ಇದು ಅತಿಯಾಯಿತು. ಮೂರು ನಾಲ್ಕು ಟೆಂಟ್ ಇರುವವರು, ಅದೇ ಕೋಣೆಯಲ್ಲಿ ತಾವೂ ಕೆಲಸ ಮಾಡುವವರು ಯೋಚಿಸಬಹುದು.

ಬೇರಿನ ಕಾವು

ಗಾಳಿಯ ಥರ್ಮಾಮೀಟರ್ 22 ತೋರಿಸುತ್ತಿದ್ದರೂ ಗಿಡ ಬೆಳೆಯದೆ ನಿಂತಿದ್ದರೆ ಕುಂಡದ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಕೂತ ಕುಂಡ 14 ಡಿಗ್ರಿ ಇರುವುದು ಸಾಮಾನ್ಯ. ಬೇರು ತಣ್ಣಗಿದ್ದರೆ ರಂಜಕ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ನನ್ನ ಟೊಮೇಟೊ ಎಲೆ ನೇರಳೆಯಾದದ್ದು ಇದಕ್ಕೇ. ಗೊಬ್ಬರ ಹಾಕಿದರೂ ಪ್ರಯೋಜನವಾಗಲಿಲ್ಲ, ಕುಂಡಗಳನ್ನು ನೆಲದಿಂದ ಮೇಲೆತ್ತಿದ ಮೇಲೆ ಬಂದ ಹೊಸ ಎಲೆ ಹಸಿರಾಗಿಯೇ ಬಂತು. ತಣ್ಣನೆಯ ಮಣ್ಣು ಬೇಗ ಒಣಗುವುದೂ ಇಲ್ಲ. ಬೇಸಿಗೆಯ ಅಭ್ಯಾಸದಲ್ಲಿ ನೀರು ಹಾಕುತ್ತ ಹೋದರೆ ಬೇರು ಕೊಳೆಯುತ್ತದೆ, ಸಸಿಗಳು ಬುಡದಲ್ಲಿ ಕೊಳೆತು ಬೀಳುತ್ತವೆ.

ಇದಕ್ಕೆ ಎರಡು ಪರಿಹಾರಗಳಿವೆ, ಒಂದು ಇನ್ನೊಂದಕ್ಕೆ ಬದಲಿಯಲ್ಲ. ಟೆಂಟಿನ ಅಡಿಗೆ ಗಟ್ಟಿ ಫೋಮ್ ಹಲಗೆ ಹಾಕಿ, ಅದರ ಮೇಲೆ ಪ್ಲೈವುಡ್, ಕುಂಡಗಳಿಗೆ ಕಾಲಿರುವ ಹಲಗೆ: ಇದು ಎಲ್ಲರಿಗೂ ಬೇಕು, ಒಮ್ಮೆ ಮಾಡಿದರೆ ಮುಗಿಯಿತು. ಹೀಟ್ ಮ್ಯಾಟ್, ಅಂದರೆ ಟ್ರೇ ಅಡಿಗೆ ಹಾಸುವ ವಿದ್ಯುತ್ ಚಾಪೆ, ಬೇಕಾಗುವುದು ಬೀಜ ಮೊಳೆಸುವವರಿಗೆ ಮತ್ತು ಎಳೆಯ ಸಸಿಗಳಿಗೆ. ಒಂದು ಟ್ರೇ ಅಳತೆಯ ಮ್ಯಾಟ್ 20 ವ್ಯಾಟಿನ ಆಸುಪಾಸು ಎಳೆಯುತ್ತದೆ, ಮಣ್ಣನ್ನು ಸುತ್ತಲಿಗಿಂತ 5ರಿಂದ 10 ಡಿಗ್ರಿ ಮೇಲೇರಿಸುತ್ತದೆ. ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ, ಬೇಕಾದಲ್ಲಿಗೆ ಮಾತ್ರ. ಸಸಿಗಳೇ ಇರುವ ಸಣ್ಣ ಟೆಂಟಿನಲ್ಲಿ ಮ್ಯಾಟ್ ಇದ್ದರೆ ಗಾಳಿ 17 ಡಿಗ್ರಿ ಇದ್ದರೂ ಬೆಳವಣಿಗೆ ಚೆನ್ನಾಗಿರುತ್ತದೆ. ಮ್ಯಾಟಿನಿಂದ ಟೆಂಟಿನ ಗಾಳಿ ಬೆಚ್ಚಗಾಗುತ್ತದೆಂದು ಮಾತ್ರ ಎಣಿಸಬೇಡಿ. ಅದರ ಕೆಲಸ ಅದಲ್ಲ. ದೊಡ್ಡ ಕುಂಡದ ಅಡಿಯಲ್ಲಿ ಇಟ್ಟರೆ ತಳದ ಬೇರು ಸುಟ್ಟು ಮೇಲಿನ ಮಣ್ಣು ತಣ್ಣಗೇ ಉಳಿಯಬಹುದು. ಥರ್ಮೋಸ್ಟಾಟಿನ ತಂತಿಯ ತುದಿ ಮಣ್ಣಿನೊಳಗೆ, ಬೇರಿನ ಆಳದಲ್ಲಿರಲಿ.

ನೀರನ್ನೂ ಮರೆಯಬೇಡಿ. ನಲ್ಲಿಯಿಂದ ಬಂದ 8 ಡಿಗ್ರಿಯ ನೀರು ಹಾಕಿದರೆ ಕಾದ ಬೇರು ಒಮ್ಮೆಗೇ ತಣ್ಣಗಾಗುತ್ತದೆ. ಹಿಂದಿನ ದಿನವೇ ಒಂದು ಕ್ಯಾನಿನಲ್ಲಿ ತುಂಬಿ ಟೆಂಟಿನೊಳಗೆ ಇಟ್ಟುಕೊಳ್ಳಿ.

ತೇವದ ವಿಚಾರ

ಚಳಿಗಿಂತ ಹೆಚ್ಚು ಬೆಳೆ ಹಾಳುಮಾಡುವುದು ಚಳಿಯ ಜೊತೆಗೆ ಬರುವ ತೇವ ಎಂದು ನನ್ನ ಅನಿಸಿಕೆ. 24 ಡಿಗ್ರಿಯ, 60 ಶೇಕಡಾ ತೇವಾಂಶದ ಗಾಳಿಗೆ ಸುಮಾರು 16 ಡಿಗ್ರಿಯ ಮೈ ಸಿಕ್ಕರೆ ಅಲ್ಲಿ ಹನಿ ಕಟ್ಟುತ್ತದೆ. ದೀಪ ಆರಿದ ಕೂಡಲೇ ಟೆಂಟಿನ ಬಟ್ಟೆ ತಣ್ಣಗಾಗಿ ಬೆವರುತ್ತದೆ, ಆಮೇಲೆ ಎಲೆಯೂ. ಬೂದು ಬೂಷ್ಟು ರೋಗಕ್ಕೆ ಬೇಕಾದದ್ದು ಇದೇ: ತಂಪು, ತೇವ, ನಿಂತ ಗಾಳಿ. ದೀಪ ಆರುವ ಹೊತ್ತಿಗೆ ಹೀಟರ್ ಹತ್ತಿಕೊಳ್ಳುವುದು ಮುಖ್ಯವಾಗುವುದು ಇಲ್ಲಿ. ಉಷ್ಣಾಂಶ ಅರ್ಧ ಗಂಟೆಯಲ್ಲಿ 24ರಿಂದ 14ಕ್ಕೆ ಬೀಳುವುದಕ್ಕಿಂತ, ಎರಡು ಮೂರು ಗಂಟೆಯಲ್ಲಿ 18ಕ್ಕೆ ಇಳಿಯಲಿ. ಒಳಗಿನ ಸಣ್ಣ ಕ್ಲಿಪ್ ಫ್ಯಾನ್ ಹಗಲೂ ರಾತ್ರಿ ಓಡುತ್ತಿರಲಿ. ಅದು ಬಿಸಿಯನ್ನು ಹೊರಗೆ ಹಾಕುವುದಿಲ್ಲ, ಮೇಲೆ ಸೇರಿದ ಬೆಚ್ಚಗಿನ ಗಾಳಿಯನ್ನು ಕೆಳಗಿನದರ ಜೊತೆ ಬೆರೆಸುತ್ತದೆ.

ಫ್ಯಾನಿನ ವೇಗ ಇಳಿಸಿದರೆ ತೇವ ತುಂಬಿಕೊಳ್ಳುವುದಿಲ್ಲವೇ ಎಂಬ ಅಳುಕು ಸಹಜ. ತಣ್ಣನೆಯ ಗಾಳಿಯಲ್ಲಿ ನೀರು ಕಡಿಮೆ ಇರುತ್ತದೆ. 12 ಡಿಗ್ರಿ, 80 ಶೇಕಡಾ ತೇವಾಂಶದ ನೆಲಮಾಳಿಗೆಯ ಗಾಳಿ ಟೆಂಟಿನೊಳಗೆ 24 ಡಿಗ್ರಿಗೆ ಕಾದರೆ ಅದರ ತೇವಾಂಶ 40 ಶೇಕಡಾದ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಗಂಟೆಗೆ 40 ಘನಮೀಟರ್ ಗಾಳಿಯೇ ದಿನಕ್ಕೆ ಮೂರು ನಾಲ್ಕು ಲೀಟರ್ ನೀರನ್ನು ಹೊತ್ತೊಯ್ಯಬಲ್ಲದು. ಗಿಡಕ್ಕೆ ನೀವು ಹಾಕುವ ನೀರು ಅದಕ್ಕಿಂತ ಕಡಿಮೆಯಿದ್ದರೆ ಯೋಚನೆಯಿಲ್ಲ.

ಪೈಪನ್ನು ಕೋಣೆಯೊಳಗೇ ಬಿಟ್ಟಿದ್ದರೆ ಆ ನೀರು ಕೋಣೆಯಲ್ಲೇ ಉಳಿಯುತ್ತದೆ. ಆಗ ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್, ಬೇಕು, ನನಗೆ ಇಷ್ಟವಾದ ಆಯ್ಕೆಯೂ ಅದೇ, ಯಾಕೆಂದರೆ ಅದು ಎರಡು ಕೆಲಸ ಮಾಡುತ್ತದೆ. ಆವಿ ನೀರಾಗುವಾಗ ಒಂದು ಲೀಟರಿಗೆ ಸುಮಾರು 0.68 ಯೂನಿಟ್ ಶಾಖ ಹೊರಬರುತ್ತದೆ. ಯಂತ್ರ ಎಳೆದ ವಿದ್ಯುತ್ತೂ ಶಾಖವಾಗಿ ಕೋಣೆಗೇ ಸೇರುತ್ತದೆ. ಗಿಡ ಬೆವರುವಾಗ ಟೆಂಟಿನಿಂದ ಕಳೆದುಹೋದ ಬಿಸಿ ಹೀಗೆ ಮರಳಿ ಸಿಗುತ್ತದೆ. ಆರಿಸುವಾಗ ಒಂದು ಎಚ್ಚರ: ಕಂಪ್ರೆಸರ್ ಇರುವ ಸಾಮಾನ್ಯ ಯಂತ್ರ 15 ಡಿಗ್ರಿಗಿಂತ ಕೆಳಗೆ ಮಂಕಾಗುತ್ತದೆ, ಒಳಗೆ ಹಿಮ ಕಟ್ಟುತ್ತದೆ. ತಣ್ಣನೆಯ ನೆಲಮಾಳಿಗೆಗೆ ತೇವ ಹೀರುವ ಪದಾರ್ಥದಿಂದ ಕೆಲಸ ಮಾಡುವ ಡೆಸಿಕೆಂಟ್ ಜಾತಿಯದೇ ಸರಿ. ಅದು ವಿದ್ಯುತ್ ಹೆಚ್ಚು ಎಳೆಯುತ್ತದೆ, ಚಳಿಗಾಲದಲ್ಲಿ ಆ ಹೆಚ್ಚಿನ ವಿದ್ಯುತ್ತೂ ನಿಮಗೆ ಬೇಕಾದ ಬಿಸಿಯೇ.

ಕೋಣೆ ಕಾಯಿಸಬೇಕೇ, ಟೆಂಟ್ ಕಾಯಿಸಬೇಕೇ?

ಬಿಸಿ ಸೋರದಂತೆ ತಡೆಯುವ ಪದರವಿಲ್ಲದ ಕಾಂಕ್ರೀಟ್ ಗೋಡೆಯ ಕೋಣೆಯನ್ನು 10 ಡಿಗ್ರಿ ಮೇಲೇರಿಸಲು ಸಾವಿರ ವ್ಯಾಟ್ ದಾಟುವುದು ಸುಲಭ, ಯಾಕೆಂದರೆ ಗೋಡೆಯ ಆಚೆ ಇರುವುದು ತಣ್ಣನೆಯ ಭೂಮಿ. ಒಂದೇ ಟೆಂಟಿಗಾಗಿ ಇದು ತಕ್ಕ ಖರ್ಚಲ್ಲ. ಟೆಂಟ್ 60 ಸೆಂಟಿಮೀಟರಿನದಾಗಿದ್ದು ಸಸಿಗಳೇ ಇದ್ದರೆ ಅಡಿಗೆ ಫೋಮ್, ಮೇಲೆ ಹೀಟ್ ಮ್ಯಾಟ್, ಸುತ್ತ ಹಲಗೆ, ಇಷ್ಟರಲ್ಲಿ ಮುಗಿಸಿ. ಒಳಗೆ ಹೀಟರಿಗೆ ಜಾಗವೂ ಇಲ್ಲ. 120 ಸೆಂಟಿಮೀಟರಿನ ಟೆಂಟಿನಲ್ಲಿ ಟೊಮೇಟೊ, ಮೆಣಸಿನಕಾಯಿ ಇದ್ದರೆ ನಿಧಾನದ ಫ್ಯಾನ್, ಹಲಗೆ, ಒಂದು ಟ್ಯೂಬ್ ಹೀಟರ್. ನೆಲಮಾಳಿಗೆ 8 ಡಿಗ್ರಿಗಿಂತ ಕೆಳಗಿಳಿಯುವುದಾದರೆ, ಅಥವಾ ಟೆಂಟ್‌ಗಳು ಎರಡಕ್ಕಿಂತ ಹೆಚ್ಚಿದ್ದರೆ, ಕೋಣೆಯ ಒಂದು ಮೂಲೆಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಬೇರ್ಪಡಿಸಿ, ಆ ಪುಟ್ಟ ಕೋಣೆಯೊಳಗೆ ಟೆಂಟ್‌ಗಳನ್ನೂ ಡಿಹ್ಯೂಮಿಡಿಫೈಯರನ್ನೂ ಇಡಿ. ಹಾಳೆಯಿಂದ ಒಂದು ಮೀಟರ್ ಅಂತರ ಸಿಗುವಂತಿದ್ದರೆ ಅಲ್ಲೇ ಆಯಿಲ್ ಹೀಟರ್. ಆ ಮೂಲೆ 16 ಡಿಗ್ರಿ ಮುಟ್ಟಿದರೆ ಉಳಿದದ್ದನ್ನು ದೀಪಗಳೇ ನೋಡಿಕೊಳ್ಳುತ್ತವೆ.

ಪ್ಲಗ್ ಮತ್ತು ಥರ್ಮೋಸ್ಟಾಟ್

ಥರ್ಮೋಸ್ಟಾಟಿನ ತುದಿ ಗಿಡದ ತಲೆಯ ಮಟ್ಟದಲ್ಲಿ, ದೀಪದ ಬೆಳಕು ನೇರವಾಗಿ ಬೀಳದಂತೆ ನೆರಳಿನಲ್ಲಿರಲಿ. ಬೆಳಕಿಗೆ ಒಡ್ಡಿದರೆ ಅದು ಗಾಳಿಗಿಂತ ಹೆಚ್ಚು ತೋರಿಸಿ ಹೀಟರನ್ನು ಬೇಗ ಆರಿಸುತ್ತದೆ. ಆನ್ ಆಗುವುದಕ್ಕೂ ಆಫ್ ಆಗುವುದಕ್ಕೂ ಒಂದೆರಡು ಡಿಗ್ರಿ ಅಂತರ ಕೊಡಿ. ಫ್ಯಾನು ಜೋರಾಗುವ ಉಷ್ಣಾಂಶ ಹೀಟರ್ ಆರುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಲಿ, ಇಲ್ಲದಿದ್ದರೆ ಎರಡೂ ಒಂದನ್ನೊಂದು ಓಡಿಸುತ್ತ ಕೂರುತ್ತವೆ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಡುವ ಥರ್ಮಾಮೀಟರ್ ಒಂದು ಇರಲಿ. ನೀವು ಮಲಗಿರುವಾಗ ಏನಾಯಿತು ಎಂಬುದು ಅದಕ್ಕೆ ಮಾತ್ರ ಗೊತ್ತು.

1500 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ 6.5 ಆಂಪಿಯರ್, 120 ವೋಲ್ಟಿನಲ್ಲಿ 12.5 ಆಂಪಿಯರ್ ಎಳೆಯುತ್ತದೆ. ಅದನ್ನು ಗೋಡೆಯ ಸಾಕೆಟ್ಟಿಗೇ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ನಡುವೆ ಥರ್ಮೋಸ್ಟಾಟ್ ಇದ್ದರೆ ಅದು ಅಷ್ಟು ಆಂಪಿಯರ್ ತಡೆಯುತ್ತದೆಯೇ ಎಂದು ಓದಿಕೊಳ್ಳಿ. ದೀಪ, ಫ್ಯಾನ್, ಡಿಹ್ಯೂಮಿಡಿಫೈಯರ್ ಎಲ್ಲ ಅದೇ ಲೈನಿನಲ್ಲಿದ್ದರೆ ಕೂಡಿ ನೋಡಿ. ನೀರು ಇರುವ ಜಾಗವಾದ್ದರಿಂದ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಕಡ್ಡಾಯ. ಪ್ಲಗ್‌ಗಳು ನೆಲದ ಮೇಲೆ ಬೇಡ, ತಂತಿ ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೆ ಬರುವಂತೆ ಕಟ್ಟಿ, ಹರಿದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕೋಣೆಯಲ್ಲಿ ಹೊಗೆ ಅಲಾರಂ ಇರಲಿ.

ಕರೆಂಟ್ ಹೋದರೆ ಮೊದಲು ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿ, ಜಿಪ್ ಎಳೆಯಿರಿ. ದೀಪವಿಲ್ಲದಾಗ ಗಿಡಕ್ಕೆ ಹೊಸ ಗಾಳಿಯ ಅವಸರವಿಲ್ಲ. ಆಮೇಲೆ 60 ಡಿಗ್ರಿಯ ನೀರನ್ನು, ಬಿಸಿನೀರಿಗೆ ಹಾಳಾಗದಂಥ ಕ್ಯಾನುಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಕುಂಡಗಳ ನಡುವೆ ಎಲೆಗೆ ತಾಗದಂತೆ ಇಡಿ. 20 ಲೀಟರ್ ನೀರು 60ರಿಂದ 20 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 0.9 ಯೂನಿಟ್ ಶಾಖ ಬಿಡುತ್ತದೆ. ಹಲಗೆ ಹೊದ್ದ, ಕಿಂಡಿ ಮುಚ್ಚಿದ ನಮ್ಮ ಲೆಕ್ಕದ ಟೆಂಟನ್ನು 17 ಡಿಗ್ರಿಯಲ್ಲಿ ಹಿಡಿದಿಡಲು 85 ವ್ಯಾಟ್ ಸಾಕು. ಅಂದರೆ ಆ ನೀರಿನಿಂದ ಹತ್ತು ಗಂಟೆಯಷ್ಟು ಹೊತ್ತು ದೂಡಬಹುದು.